ಹಂದಿ ಕದ್ದ ಹುಡುಗ, ಅಪ್ಪಯ್ಯನ ಬೋಟು

ನಾಲ್ಕನೇ ಸೆಮಿಸ್ಟರ್‌ನಲ್ಲಿ ನಾನು ಫೇಲಾದದ್ದು ಮೈಕ್ರೊಪ್ರೊಸೆಸರ್ ವಿಷಯದಲ್ಲಿ. ರಿಸಲ್ಟ್ ಬಂದ ಸಂಜೆ ಗಂಗೊಳ್ಳಿ ಬಂದರಿನಲ್ಲಿ ಅಪ್ಪಯ್ಯನ ಬೋಟಿಗೆ ಕಾಯುತ್ತಾ ನಿಂತಿದ್ದೆ. ಬೋಟು ಬಂತು, ಹೇಳಲು ಧೈರ್ಯ ಬರಲಿಲ್ಲ. ಅದೇ ವಾರ ಲೈಬ್ರರಿಯಲ್ಲಿ ರಾಬರ್ಟ್ ನಾಯ್ಸ್ ಅವರ ಜೀವನಕಥೆ ಸಿಕ್ಕಿತು.

ನಾಯ್ಸ್ ಹುಟ್ಟಿದ್ದು 1927ರಲ್ಲಿ, ಅಮೆರಿಕದ ಅಯೋವಾ ರಾಜ್ಯದಲ್ಲಿ. ತಂದೆ ಪಾದ್ರಿ. ಗ್ರಿನ್ನೆಲ್ ಕಾಲೇಜಿನಲ್ಲಿ ಓದುತ್ತಿದ್ದಾಗ, 1948ರಲ್ಲಿ, ಹಾಸ್ಟೆಲ್ ಪಾರ್ಟಿಗೆಂದು ರೈತನೊಬ್ಬನ ಹಂದಿ ಕದ್ದರು. ಕೃಷಿಯನ್ನೇ ನಂಬಿದ ಆ ಊರಿನಲ್ಲಿ ಅದು ಸಣ್ಣ ತಪ್ಪಲ್ಲ. ಭೌತಶಾಸ್ತ್ರದ ಪ್ರಾಧ್ಯಾಪಕ ಗ್ರಾಂಟ್ ಗೇಲ್ ಪರವಾಗಿ ನಿಂತದ್ದರಿಂದ ಒಂದು ಸೆಮಿಸ್ಟರ್ ಅಮಾನತಿಗೇ ಮುಗಿಯಿತು. ನ್ಯೂಯಾರ್ಕ್‌ನ ವಿಮಾ ಕಂಪನಿಯಲ್ಲಿ ಗುಮಾಸ್ತಿಕೆ ಮಾಡಿ ಮರಳಿದರು. ಆಗಷ್ಟೇ ಲೋಕಕ್ಕೆ ಬಂದಿದ್ದ ಟ್ರಾನ್ಸಿಸ್ಟರನ್ನು ಅವರಿಗೆ ಪರಿಚಯಿಸಿದ್ದು ಅದೇ ಗೇಲ್ ಮೇಷ್ಟ್ರು.

1953ರಲ್ಲಿ ಎಂಐಟಿಯಿಂದ (ನಮ್ಮ ಮಣಿಪಾಲದ್ದಲ್ಲ, ಅಮೆರಿಕದ್ದು) ಪಿಎಚ್‌ಡಿ. 1957ರಲ್ಲಿ ಏಳು ಸಹೋದ್ಯೋಗಿಗಳೊಡನೆ ಇದ್ದ ಕೆಲಸ ಬಿಟ್ಟು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಟ್ಟಿದರು. ಬಿಡಿ ಟ್ರಾನ್ಸಿಸ್ಟರ್‌ಗಳನ್ನು ತಂತಿಯಲ್ಲಿ ಜೋಡಿಸುವ ಬದಲು, ಇಡೀ ಸರ್ಕ್ಯೂಟನ್ನು ಒಂದೇ ಸಿಲಿಕಾನ್ ಚೂರಿನಲ್ಲಿ ಮೂಡಿಸುವ ದಾರಿಯನ್ನು 1959ರಲ್ಲಿ ತೋರಿದರು. 1968ರಲ್ಲಿ ಗಾರ್ಡನ್ ಮೂರ್ ಜೊತೆ ಇಂಟೆಲ್ ಆರಂಭಿಸಿದರು.

ಮರುವರ್ಷ ಜಪಾನಿನ ಬಿಸಿಕಾಮ್ ಕಂಪನಿ ಕ್ಯಾಲ್ಕುಲೇಟರ್‌ಗಾಗಿ ಹಲವು ಬಗೆಯ ಚಿಪ್ ಕೇಳಿತು. ಇಂಟೆಲ್‌ನ ಟೆಡ್ ಹಾಫ್ ಬೇರೆ ದಾರಿ ಹೇಳಿದರು: ಕೆಲಸಕ್ಕೊಂದು ಚಿಪ್ ಬೇಡ, ಹಲವು ಕೆಲಸ ಮಾಡಬಲ್ಲ ಒಂದು ಚಿಪ್ ಇರಲಿ, ಪ್ರೋಗ್ರಾಂ ಬದಲಿಸಿದರಾಯಿತು. ಮಂದಾರ್ತಿ ಮೇಳದ ಆಟ ನೋಡಿದವರಿಗೆ ಇದು ಸುಲಭ. ಕಲಾವಿದರು ಅವರೇ, ಚೆಂಡೆ ಮದ್ದಳೆ ಅವೇ. ಪ್ರಸಂಗ ಬದಲಾದರೆ ಆಟವೇ ಬೇರೆ. ಪ್ರೊಸೆಸರ್ ಎಂದರೆ ಮೇಳ, ಪ್ರೋಗ್ರಾಂ ಎಂದರೆ ಪ್ರಸಂಗ.

ಗಿರಾಕಿ ಕೇಳದಿದ್ದ ಈ ಯೋಚನೆಗೆ ನಾಯ್ಸ್ ಬೆಂಬಲ ಕೊಟ್ಟರು. ಫೆಡೆರಿಕೊ ಫ್ಯಾಜಿನ್ ಮತ್ತು ಸಂಗಡಿಗರು ಅದನ್ನು ಚಿಪ್ ಮಾಡಿದರು. 1971ರ ನವೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದ ಆ 4004ರಲ್ಲಿ ಇದ್ದದ್ದು ಸುಮಾರು 2,300 ಟ್ರಾನ್ಸಿಸ್ಟರ್. ಕೋಣೆ ತುಂಬುತ್ತಿದ್ದ ಕಂಪ್ಯೂಟರ್ ಮುಂದೆ ಮೇಜಿಗೆ, ಆಮೇಲೆ ಜೇಬಿಗೆ ಬಂದದ್ದು ಇಂಥ ಚಿಪ್‌ಗಳಿಂದಲೇ.

1990ರ ಜೂನ್ 3ರಂದು ನಾಯ್ಸ್ ಹೃದಯಾಘಾತದಿಂದ ತೀರಿಕೊಂಡರು. ಇಂಟಿಗ್ರೇಟೆಡ್ ಸರ್ಕ್ಯೂಟ್ ರೂಪಿಸಿದ್ದಕ್ಕೆ ಜಾಕ್ ಕಿಲ್ಬಿ ಅವರಿಗೆ 2000ದಲ್ಲಿ ನೊಬೆಲ್ ಬಂದಾಗ, ಅದನ್ನು ಹಂಚಿಕೊಳ್ಳಲು ನಾಯ್ಸ್ ಇರಲಿಲ್ಲ.

ಪುಸ್ತಕ ಮುಗಿದ ಮರುದಿನ ಅಪ್ಪಯ್ಯನಿಗೆ ಫೇಲಾದದ್ದನ್ನು ಹೇಳಿಬಿಟ್ಟೆ. ಅವರು ಬೈಯಲಿಲ್ಲ. ಬೋಟಿನ ಫಿಶ್ ಫೈಂಡರ್ ತೋರಿಸಿ, ನೀನು ಫೇಲಾದ ಸಾಮಾನು ಇದರೊಳಗೂ ಉಂಟಾ ಎಂದು ಕೇಳಿದರು. ಉಂಟು ಎಂದೆ. ಸದ್ದು ಕೆಳಗೆ ಹೋಗಿ ಮರಳುವ ಹೊತ್ತನ್ನು ಲೆಕ್ಕ ಹಾಕಿ ಅದು ಆಳ ತೋರಿಸುತ್ತದೆ ಎಂದೂ ವಿವರಿಸಿದೆ. ಆ ಲೆಕ್ಕವನ್ನು ಅದು ಹೇಗೆ ಮಾಡುತ್ತದೆ ಎಂದಾಗ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ.

ಅಂದು ರಾತ್ರಿಯೇ ಪಠ್ಯಪುಸ್ತಕದ ಮೊದಲ ಪುಟ ತೆರೆದೆ. ಪರೀಕ್ಷೆ ಮುಂದಿನ ತಿಂಗಳು. ಅದಕ್ಕೆ ಮೊದಲು ಅಪ್ಪಯ್ಯನಿಗೆ ಉತ್ತರ ಹೇಳಬೇಕು.