ಕಾವೇರಿ ಕಾಯುತ್ತಿದ್ದ ಕೋಟೆ

ಹೋದ ವರ್ಷ ಮೊದಲ ಪಿಯುಸಿಯಲ್ಲಿದ್ದಾಗ ಟಿಪ್ಪು ಸುಲ್ತಾನರ ಬಗ್ಗೆ ನಾನೊಂದು ಪ್ರಬಂಧ ಬರೆದಿದ್ದೆ. ನಾಲ್ಕು ಪುಟಗಳಲ್ಲಿ ಮೂರು ಪುಟ ಮೀರ್ ಸಾದಿಕ್‌ನನ್ನು ಬೈಯುವುದಕ್ಕೇ ಹೋಗಿತ್ತು. ಅವನೊಬ್ಬ ದ್ರೋಹ ಮಾಡದಿದ್ದರೆ ಶ್ರೀರಂಗಪಟ್ಟಣ ಬೀಳುತ್ತಲೇ ಇರಲಿಲ್ಲ ಎಂದು ಮುಗಿಸಿದ್ದೆ. ಇತಿಹಾಸದ ಸರ್ ಒಳ್ಳೆಯ ಅಂಕವನ್ನೇ ಕೊಟ್ಟರು. ಆದರೆ ಕೊನೆಯ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಪ್ರಶ್ನೆ ಬರೆದಿದ್ದರು. ಕೋಟೆ ಬಿದ್ದದ್ದು ಮೇ ತಿಂಗಳಲ್ಲೇ ಏಕೆ ಎಂದು ಕೇಳಿದ್ದರು. ಆಗ ನನಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ.

ನನ್ನ ಮಾಮು ಇರುವುದು ಗಂಜಾಮಿನಲ್ಲಿ. ಅದು ಶ್ರೀರಂಗಪಟ್ಟಣದ ದ್ವೀಪದ ಮೇಲೇ ಇರುವ ಊರು. ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋದಾಗ ಕೋಟೆಯ ಪಶ್ಚಿಮದ ಮೂಲೆಗೆ ನಡೆದುಹೋದೆ. ಕಾವೇರಿಯಲ್ಲಿ ಬಂಡೆಗಳೆಲ್ಲ ಮೇಲೆದ್ದು ನಿಂತಿದ್ದವು. ಬಂಡೆಗಳ ನಡುವೆ ಹುಡುಗರು ಮೊಣಕಾಲಷ್ಟು ನೀರಿನಲ್ಲಿ ಆಡುತ್ತಿದ್ದರು. ಮತ್ತೆ ಹೋದದ್ದು ಆಗಸ್ಟ್‌ನಲ್ಲಿ. ಕೆಆರ್‌ಎಸ್‌ನಿಂದ ನೀರು ಬಿಟ್ಟಿದ್ದರು. ಅದೇ ಜಾಗದಲ್ಲಿ ಒಂದು ಬಂಡೆಯೂ ಕಾಣಲಿಲ್ಲ. ಕೆಂಪು ನೀರು ಸುಳಿ ಸುತ್ತುತ್ತಾ ಹೋಗುತ್ತಿತ್ತು. ದಡದ ಹತ್ತಿರ ಹೋಗಲು ಮಾಮು ಬಿಡಲಿಲ್ಲ. ಸರ್ ಕೇಳಿದ ಪ್ರಶ್ನೆ ನನಗೆ ಅರ್ಥವಾದದ್ದು ಆ ದಿನ. ಅಣೆಕಟ್ಟೇ ಇಲ್ಲದ ಆ ಕಾಲದಲ್ಲಿ ನದಿ ಪೂರ್ತಿ ಮಳೆಯ ಮಾತನ್ನೇ ಕೇಳುತ್ತಿತ್ತು. ಅಲ್ಲಿಂದ ಬಂದ ಮೇಲೆ ಲೈಬ್ರರಿಯಲ್ಲಿ ಕುಳಿತು ಟಿಪ್ಪು ಸುಲ್ತಾನರ ಜೀವನವನ್ನು ಇನ್ನೊಮ್ಮೆ ಓದಿದೆ. ಈ ಸಲ ಪಕ್ಕದಲ್ಲಿ ಕ್ಯಾಲೆಂಡರ್ ಇಟ್ಟುಕೊಂಡಿದ್ದೆ.

ಸುಲ್ತಾನರು ಹುಟ್ಟಿದ್ದು ದೇವನಹಳ್ಳಿಯಲ್ಲಿ. ತಂದೆ ಹೈದರ್ ಅಲಿ, ತಾಯಿ ಫಖ್ರುನ್ನಿಸಾ. ಆರ್ಕಾಟಿನ ಸಂತ ಟಿಪ್ಪು ಮಸ್ತಾನ್ ಔಲಿಯಾ ಅವರ ನೆನಪಿಗೆ ಮಗುವಿಗೆ ಆ ಹೆಸರಿಟ್ಟರು. ಚಿಕ್ಕ ವಯಸ್ಸಿನಲ್ಲೇ ತಂದೆಯ ಜೊತೆ ಯುದ್ಧಭೂಮಿಗೆ ಇಳಿದರು. 1780ರ ಸೆಪ್ಟೆಂಬರ್‌ನಲ್ಲಿ ಪೊಲ್ಲಿಲೂರಿನಲ್ಲಿ ಕಂಪನಿಯ ಸೈನ್ಯ ಸೋತಾಗ ಮೈಸೂರಿನ ರಾಕೆಟ್‌ಗಳು ಹೆಸರು ಮಾಡಿದವು. ಅಲ್ಲಿ ಸೆರೆಸಿಕ್ಕವರಲ್ಲಿ ಡೇವಿಡ್ ಬೇರ್ಡ್ ಎಂಬ ಅಧಿಕಾರಿಯೂ ಇದ್ದ. ಅವನನ್ನು ಶ್ರೀರಂಗಪಟ್ಟಣಕ್ಕೆ ತಂದು ಕೂಡಿಹಾಕಿದರು. ಈ ಹೆಸರು ಮುಂದೆ ಮತ್ತೆ ಬರುತ್ತದೆ.

1782ರ ಡಿಸೆಂಬರ್‌ನಲ್ಲಿ ಹೈದರ್ ಅಲಿ ತೀರಿಕೊಂಡರು. ಯುದ್ಧದ ನಡುವೆಯೇ ಅಧಿಕಾರ ವಹಿಸಿಕೊಂಡ ಸುಲ್ತಾನರು 1784ರಲ್ಲಿ ಮಂಗಳೂರು ಒಪ್ಪಂದ ಮಾಡಿಕೊಂಡರು. ದರಿಯಾ ದೌಲತ್ ಅರಮನೆ ಕಟ್ಟಿಸಿದ್ದು, ರೇಷ್ಮೆ ಕೃಷಿಗೆ ನೆರವಾದದ್ದು, ಶೃಂಗೇರಿ ಮಠದ ಜೊತೆ ಪತ್ರ ವ್ಯವಹಾರ ನಡೆಸಿದ್ದು ನಮಗೆಲ್ಲ ಗೊತ್ತು. ಕೊಡಗು ಮತ್ತು ಮಲಬಾರಿನ ಜನ ಅವರ ದಂಡಯಾತ್ರೆಗಳನ್ನು ನೋವಿನಿಂದ ನೆನೆಯುತ್ತಾರೆ ಎಂಬುದನ್ನೂ ನಾವು ಮರೆಯಬಾರದು.

ಅವರ ರಾಜ್ಯದ ಖಜಾನೆ, ಮದ್ದುಗುಂಡು, ಕಾರ್ಖಾನೆ, ಕುಟುಂಬ ಎಲ್ಲವೂ ಇದ್ದದ್ದು ಈ ಒಂದು ದ್ವೀಪದಲ್ಲಿ. ಇದು ಸುಮಾರು 5 ಕಿಲೋಮೀಟರ್ ಉದ್ದದ ನೆಲ. ಪಶ್ಚಿಮದ ತುದಿಯಲ್ಲಿ ಕೋಟೆ. ಅಲ್ಲಿ ಕಾವೇರಿ ಎರಡಾಗಿ ಒಡೆದು ದ್ವೀಪವನ್ನು ಬಳಸಿ ಹರಿಯುತ್ತದೆ. ಬೆಂಗಳೂರು ಕೈಬಿಟ್ಟರೂ ರಾಜ್ಯ ಉಳಿಯಬಹುದಿತ್ತು, ಶ್ರೀರಂಗಪಟ್ಟಣ ಕೈಬಿಟ್ಟರೆ ಉಳಿಯುವಂತಿರಲಿಲ್ಲ. ಈ ಲೆಕ್ಕ ಕಂಪನಿಗೂ ಗೊತ್ತಿತ್ತು.

1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್ ಬೆಂಗಳೂರನ್ನು ಹಿಡಿದ. ಅಲ್ಲಿಂದ ಹೊರಟು ದ್ವೀಪದ ಹತ್ತಿರ ಬರುವಷ್ಟರಲ್ಲಿ ಮೇ ತಿಂಗಳ ನಡುಭಾಗ ಬಂದಿತ್ತು. ಅರಕೆರೆಯ ಹತ್ತಿರ ನಡೆದ ಕಾಳಗದಲ್ಲಿ ಅವನದೇ ಮೇಲುಗೈ ಆಯಿತು. ಆದರೂ ಕೋಟೆಗೆ ಕೈ ಹಾಕಲು ಆಗಲಿಲ್ಲ. ಮಳೆ ಶುರುವಾಗಿತ್ತು. ಮೇವಿಲ್ಲದೆ ಎತ್ತುಗಳು ಸಾಯುತ್ತಿದ್ದವು, ಸೈನಿಕರಿಗೆ ಅಕ್ಕಿ ಇರಲಿಲ್ಲ. ದೊಡ್ಡ ಫಿರಂಗಿಗಳನ್ನು ಎಳೆಯುವವರಿಲ್ಲದೆ ತಾನೇ ಅವುಗಳನ್ನು ಹಾಳುಮಾಡಿ ಬೆಂಗಳೂರಿಗೆ ಹಿಂತಿರುಗಿದ. ಆ ವರ್ಷ ಸುಲ್ತಾನರನ್ನು ಕಾಪಾಡಿದ್ದು ಮಳೆ ಮತ್ತು ಹಸಿವು.

ಕಾರ್ನ್‌ವಾಲಿಸ್ ಪಾಠ ಕಲಿತ. ಮುಂದಿನ ಸಲ ಅವನು ಬಂದದ್ದು ಫೆಬ್ರವರಿಯಲ್ಲಿ. 1792ರ ಫೆಬ್ರವರಿ 6ರ ರಾತ್ರಿ ದಾಳಿ ಮಾಡಿ, ನದಿ ದಾಟಿ, ದ್ವೀಪದ ಪೂರ್ವಭಾಗದಲ್ಲಿ ನೆಲೆಯೂರಿದ. ಮುತ್ತಿಗೆಗೆ ಬೇಕಾದ ಮರಕ್ಕಾಗಿ ದ್ವೀಪದ ಲಾಲ್‌ಬಾಗ್ ತೋಟದ ಮರಗಳನ್ನು ಕಡಿಸಿದ. ಕೋಟೆ ಬೀಳಲಿಲ್ಲ, ಆದರೆ ಮಳೆಗೆ ಇನ್ನೂ ತಿಂಗಳುಗಳಿದ್ದವು. ಸುಲ್ತಾನರು ಒಪ್ಪಂದಕ್ಕೆ ಬರಬೇಕಾಯಿತು. ಅರ್ಧ ರಾಜ್ಯ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು, ಇಬ್ಬರು ಗಂಡುಮಕ್ಕಳನ್ನು ಒತ್ತೆಯಿಡಬೇಕಾಯಿತು.

ಆಮೇಲಿನ ಏಳು ವರ್ಷ ಸುಲ್ತಾನರು ಸುಮ್ಮನೆ ಕೂರಲಿಲ್ಲ. ದಂಡದ ಹಣ ತೀರಿಸಿ 1794ರಲ್ಲಿ ಮಕ್ಕಳನ್ನು ಬಿಡಿಸಿಕೊಂಡರು. ಕೋಟೆಗೆ ಒಳಗೋಡೆ, ಒಳಕಂದಕಗಳನ್ನು ಸೇರಿಸಿದರು. ಆದರೂ 1799ರ ಫೆಬ್ರವರಿಯಲ್ಲಿ ಜನರಲ್ ಹ್ಯಾರಿಸ್ ವೆಲ್ಲೂರಿನಿಂದ ಹೊರಟಾಗ ಅವನು ಹಿಂದಿನ ದಾರಿಯಲ್ಲೇ ಬರುತ್ತಾನೆಂದು ಅವರು ನಂಬಿದರು. ಆ ದಾರಿಯ ಮೇವು, ಧಾನ್ಯವನ್ನೆಲ್ಲ ನಾಶಮಾಡಿಸಿದರು. ಹ್ಯಾರಿಸ್ ದಾರಿ ಬದಲಿಸಿದ. ಮಾರ್ಚ್ ಕೊನೆಯಲ್ಲಿ ಸೋಸಲೆಯ ಹತ್ತಿರ ಕಾವೇರಿ ದಾಟಿ, ಏಪ್ರಿಲ್ 5ಕ್ಕೆ ಕೋಟೆಯ ಪಶ್ಚಿಮಕ್ಕೆ ಬಂದು ಬೀಡುಬಿಟ್ಟ.

ಅವನ ಕಷ್ಟವೂ ಸಣ್ಣದಲ್ಲ. ಏಪ್ರಿಲ್ ನಡುವಿಗೆ ಅವನ ಬಳಿ ಉಳಿದ ಅಕ್ಕಿ ಕೆಲವೇ ವಾರಗಳಿಗೆ ಸಾಲುವಷ್ಟಿತ್ತು. ನದಿ ತುಂಬಿದರೆ ಕೋಟೆಯೂ ಇಲ್ಲ, ಊಟವೂ ಇಲ್ಲ. 1791ರ ಕಥೆಯೇ ಮತ್ತೆ ನಡೆಯುತ್ತಿತ್ತು. ಸುಲ್ತಾನರಿಗೆ ಬೇಕಾಗಿದ್ದದ್ದು ಇನ್ನೊಂದು ತಿಂಗಳು. ಹ್ಯಾರಿಸ್‌ಗೆ ಆ ತಿಂಗಳನ್ನು ಕೊಡದಿರುವುದೇ ಕೆಲಸವಾಗಿತ್ತು. ಮಳೆಗಾಲದಲ್ಲಿ ನದಿಯೇ ಕಾವಲಿರುತ್ತಿದ್ದ ವಾಯುವ್ಯ ಮೂಲೆಗೆ ಅವನು ಫಿರಂಗಿ ಗುರಿಯಿಟ್ಟ. ಮೇ ಮೊದಲ ದಿನಗಳಲ್ಲಿ ಗೋಡೆ ಒಡೆಯಿತು.

ಮೇ 4, ಮಧ್ಯಾಹ್ನ ಸುಮಾರು 1 ಗಂಟೆ. ದಾಳಿಯ ಮುಂದಾಳು ಅದೇ ಡೇವಿಡ್ ಬೇರ್ಡ್. ಸೈನಿಕರು ಬಂಡೆಗಳ ಮೇಲೆ ಕಾಲಿಡುತ್ತಾ ನದಿಯನ್ನು ನಡೆದೇ ದಾಟಿದರು. ಕೆಲವು ಕಡೆ ಪಾದ ಮುಳುಗುವಷ್ಟು, ಕೆಲವು ಕಡೆ ಸೊಂಟದಷ್ಟು ನೀರು. ಕೆಲವೇ ನಿಮಿಷಗಳಲ್ಲಿ ಒಡೆದ ಗೋಡೆಯ ಮೇಲಿದ್ದರು. ಊಟಕ್ಕೆ ಕುಳಿತಿದ್ದ ಸುಲ್ತಾನರು ಸುದ್ದಿ ಕೇಳಿ ಎದ್ದು ಹೋದರು. ಓಡಿಹೋಗಲಿಲ್ಲ, ಶರಣಾಗಲೂ ಇಲ್ಲ. ನೀರಿನ ಬಾಗಿಲಿನ ಹತ್ತಿರ ಸಾಮಾನ್ಯ ಸೈನಿಕನ ಹಾಗೆ ಹೋರಾಡುತ್ತಾ ಬಿದ್ದರು. ಮರುದಿನ ಗುಂಬಜ್‌ನಲ್ಲಿ ತಂದೆಯ ಪಕ್ಕದಲ್ಲಿ ಅವರನ್ನು ದಫನ್ ಮಾಡಿದರು. ಆ ಸಂಜೆ ಭಾರೀ ಗುಡುಗು ಮಳೆ ಸುರಿಯಿತು. ಒಂದು ಮಳೆಗೆ ಕಾವೇರಿ ತುಂಬುವುದಿಲ್ಲ, ನಿಜ. ಆದರೂ ಅದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ.

ಗೆದ್ದ ಮೇಲೆ ಕಂಪನಿ ಮೈಸೂರನ್ನು ಒಡೆಯರ ಮನೆತನಕ್ಕೆ ಒಪ್ಪಿಸಿತು. ಆದರೆ ಈ ಪುಟ್ಟ ದ್ವೀಪವನ್ನು ತನ್ನ ಕೈಯಲ್ಲೇ ಇಟ್ಟುಕೊಂಡಿತು. ಅದರ ಬೆಲೆ ಎಷ್ಟೆಂದು ತಿಳಿಯಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಅಂದು ಮೀರ್ ಸಾದಿಕ್ ಸಂಬಳ ಕೊಡುವ ನೆಪದಲ್ಲಿ ಒಡೆದ ಗೋಡೆಯ ಕಾವಲಿನವರನ್ನು ಕರೆಸಿಕೊಂಡ ಎಂದು ಹೇಳುತ್ತಾರೆ. ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಅವನು ನದಿಯ ನೀರನ್ನು ಇಳಿಸಲಿಲ್ಲ, ಹ್ಯಾರಿಸ್‌ಗೆ ಸೋಸಲೆಯ ದಾರಿ ಬಿಟ್ಟುಕೊಟ್ಟವನೂ ಅವನಲ್ಲ. ಒಮ್ಮೆ ಕಾಪಾಡಿದ ನದಿ ಮತ್ತೆ ಕಾಪಾಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಉಳಿದಿತ್ತು. ಎದುರಿನವನು ತನ್ನ ಸೋಲನ್ನು ಓದಿಕೊಂಡು ಬಂದಿದ್ದ. ನನಗೆ ಅನಿಸುವುದು ಇಷ್ಟೇ.

ಈ ಸಲ ಮಿಡ್‌ಟರ್ಮ್‌ನಲ್ಲಿ ನನಗೆ ಅಕೌಂಟೆನ್ಸಿಯಲ್ಲಿ ಅಂಕ ಕಡಿಮೆ ಬಂತು. ಪ್ರಶ್ನೆಪತ್ರಿಕೆ ಕಷ್ಟವಿತ್ತು ಎಂದು ಮನೆಯಲ್ಲಿ ಹೇಳಲು ಬಾಯಿ ತೆರೆದವನು ಯಾಕೋ ಹೇಳಲಿಲ್ಲ. ಹಳೆಯ ಪ್ರಬಂಧವನ್ನು ಹುಡುಕಿ ತೆಗೆದು, ಕೊನೆಯ ಸಾಲನ್ನು ಹೊಡೆದುಹಾಕಿ, ಸರ್ ಕೇಳಿದ ಪ್ರಶ್ನೆಗೆ ಉತ್ತರ ಬರೆದೆ. ಆ ಉತ್ತರವೇ ಈ ಲೇಖನ.