ವರ್ತಕನಾದ ಸುಲ್ತಾನ

ಟಿಪ್ಪು ಸುಲ್ತಾನನ ಹೆಸರನ್ನು ಕೇಳಿದೊಡನೆ ನಮ್ಮ ಜನಕ್ಕೆ ನೆನಪಾಗುವುದು ಕತ್ತಿ, ಹುಲಿ ಮತ್ತು ಶ್ರೀರಂಗಪಟ್ಟಣದ ಕೋಟೆಯ ಬಾಗಿಲು. ಅವನ ಶೌರ್ಯವನ್ನು ಕೊಂಡಾಡುವವರೂ ಕ್ರೌರ್ಯವನ್ನು ಹಳಿಯುವವರೂ ಸಾಮಾನ್ಯವಾಗಿ ಅವನನ್ನು ರಣರಂಗದಲ್ಲಿ ನಿಲ್ಲಿಸಿಯೇ ನೋಡುತ್ತಾರೆ. ಆದರೆ ಅವನು ತನ್ನ ಅಧಿಕಾರಿಗಳಿಗೆ ಬರೆಯಿಸಿದ ಪತ್ರಗಳನ್ನು ತೆರೆದರೆ ಅಲ್ಲಿ ಬೇರೊಬ್ಬ ಮನುಷ್ಯ ಕಾಣಿಸುತ್ತಾನೆ. ಶ್ರೀಗಂಧದ ತರಗತಿ, ಮೆಣಸಿನ ಧಾರಣೆ, ಹಡಗಿನ ಬಾಡಿಗೆ, ರೇಷ್ಮೆ ಹುಳುವಿನ ಸಾಕಣೆ, ಪರದೇಶದ ಬಂದರಿನ ಸುಂಕ, ಇಂತಹ ವಿಷಯಗಳಲ್ಲಿ ಮುಳುಗಿದ ಲೆಕ್ಕಿಗನೊಬ್ಬನ ಮನಸ್ಸು ಅದು. ೧೭೯೯ರಲ್ಲಿ ರಾಜಧಾನಿ ಬಿದ್ದಾಗ ಆ ಪಾರಸಿ ಕಾಗದಪತ್ರಗಳು ಇಂಗ್ಲಿಷರ ವಶವಾದುವು. ಅವುಗಳಲ್ಲಿ ಕೆಲವನ್ನು ಕರ್ನಲ್ ಕಿರ್ಕ್‌ಪ್ಯಾಟ್ರಿಕ್ ಎಂಬಾತ ಆಯ್ದು ಇಂಗ್ಲಿಷಿಗೆ ತಿರುಗಿಸಿ ೧೮೧೧ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದನು. ಸುಲ್ತಾನನ ಮೇಲೆ ಒಳ್ಳೆಯ ಅಭಿಪ್ರಾಯವಿಲ್ಲದ ಆ ಅಧಿಕಾರಿಯ ಶ್ರಮದಿಂದಲೇ ಸುಲ್ತಾನನ ವ್ಯಾಪಾರಬುದ್ಧಿಯ ಸಾಕ್ಷ್ಯ ಉಳಿದುಬಂದಿತೆಂಬುದು ಇತಿಹಾಸದ ಒಂದು ವಿನೋದ.

ಟಿಪ್ಪು ಹುಟ್ಟಿದ್ದು ೧೭೫೦ರಲ್ಲಿ, ದೇವನಹಳ್ಳಿಯಲ್ಲಿ. ತಂದೆ ಹೈದರಾಲಿ ಮೈಸೂರಿನ ಸೈನ್ಯದಲ್ಲಿ ಕೆಳಗಿನ ಮೆಟ್ಟಿಲಿನಿಂದ ಮೇಲೇರಿ ರಾಜ್ಯದ ಸೂತ್ರವನ್ನು ಕೈಗೆ ತೆಗೆದುಕೊಂಡವನು. ೧೭೬೩ರಲ್ಲಿ ಬಿದನೂರನ್ನು ಹೈದರನು ಗೆದ್ದಾಗ ಕನ್ನಡ ಕರಾವಳಿಯ ಬಂದರುಗಳು ಮೈಸೂರಿನ ಪಾಲಾದುವು. ಆವರೆಗೆ ಗಟ್ಟದ ಮೇಲಿನ ರಾಜ್ಯವಾಗಿದ್ದ ಮೈಸೂರಿಗೆ ಸಮುದ್ರದ ಬಾಗಿಲು ತೆರೆಯಿತು. ಓದುಬರಹ ಬಾರದ ತಂದೆ ಮಗನಿಗೆ ಒಳ್ಳೆಯ ವಿದ್ಯಾಭ್ಯಾಸವನ್ನು ಕೊಡಿಸಿದನು. ೧೭೮೨ರ ಡಿಸೆಂಬರಿನಲ್ಲಿ ಹೈದರನು ತೀರಿಕೊಂಡಾಗ ಇಂಗ್ಲಿಷರೊಡನೆ ಯುದ್ಧ ನಡೆದೇ ಇದ್ದಿತು. ೧೭೮೪ರ ಮಾರ್ಚಿಯಲ್ಲಿ ಮಂಗಳೂರಿನ ಕೌಲು ಆಗಿ ಶಾಂತಿ ನೆಲೆಸಿತು. ಅದೇ ಕಾಲದಲ್ಲಿ ಕಾವೇರಿಯ ದಡದಲ್ಲಿ ಅವನು ಕಟ್ಟಿಸಿದ ಬೇಸಗೆಯ ಅರಮನೆಗೆ ದರಿಯಾ ದೌಲತ್ ಎಂದು ಹೆಸರಾಯಿತು. ಕಡಲಿನ ಸಂಪತ್ತು ಎಂಬುದು ಅದರ ಅರ್ಥ. ಒಳನಾಡಿನ ಅರಮನೆಯೊಂದಕ್ಕೆ ಒಪ್ಪದಂತೆ ತೋರುವ ಈ ಹೆಸರಿನಲ್ಲಿ ಒಡೆಯನ ಹಂಬಲ ಅಡಗಿದೆ.

ಆ ಹಂಬಲಕ್ಕೆ ಕಾರಣವಿದ್ದಿತು. ಈಸ್ಟ್ ಇಂಡಿಯಾ ಕಂಪೆನಿ ಮೊದಲು ಅಂಗಡಿಯಿಟ್ಟು, ಆಮೇಲೆ ಅಂಗಡಿಯ ಕಾವಲಿಗೆ ಸಿಪಾಯಿಗಳನ್ನಿಟ್ಟು, ಕೊನೆಗೆ ಸಿಪಾಯಿಗಳ ಬಲದಿಂದ ರಾಜ್ಯವನ್ನು ಕಟ್ಟಿತು. ಕಂಪೆನಿಯ ಬಲದ ಬೇರು ವ್ಯಾಪಾರದಲ್ಲಿದೆಯೆಂಬುದನ್ನು ಟಿಪ್ಪುವಿನಷ್ಟು ಸ್ಪಷ್ಟವಾಗಿ ಕಂಡುಕೊಂಡ ದೇಶೀಯ ರಾಜರು ವಿರಳ. ಮೆಣಸು, ಏಲಕ್ಕಿ, ಶ್ರೀಗಂಧ ಈ ಮೂರೂ ಅವನ ರಾಜ್ಯದಲ್ಲಿ ಬೆಳೆಯುವ ಸರಕುಗಳು. ತಲಚೇರಿಯ ಇಂಗ್ಲಿಷರಿಗೆ ಇವು ಬೇಕೇ ಬೇಕು. ಟಿಪ್ಪು ಇವನ್ನು ಸರ್ಕಾರದ ಏಕಸ್ವಾಮ್ಯಕ್ಕೆ ತಂದು, ಇಂಗ್ಲಿಷರಿಗೆ ಮಾರಕೂಡದೆಂದು ಕಟ್ಟು ಮಾಡಿದನು. ಹಾಗಾದರೆ ಸರಕನ್ನು ಕೊಳ್ಳುವವರು ಯಾರು? ಅದಕ್ಕೆ ಉತ್ತರವಾಗಿ ಅವನು ಅರಬ್ಬೀ ಕಡಲಿನ ಆಚೆಯ ದಡವನ್ನು ನೋಡಿದನು.

ಮಸ್ಕತ್ತು ಅಂದಿನ ಆ ಕಡಲಿನ ದೊಡ್ಡ ಸಂತೆ. ಕನ್ನಡ ಜಿಲ್ಲೆಯ ಅಕ್ಕಿಯಿಲ್ಲದಿದ್ದರೆ ಅಲ್ಲಿಯ ಒಲೆ ಉರಿಯುವುದು ಕಷ್ಟ. ಈ ಅಗತ್ಯವನ್ನರಿತು ಟಿಪ್ಪು ಅಲ್ಲಿ ಒಂದು ಕೋಠಿಯನ್ನು ತೆರೆದನು. ಕೋಠಿಯೆಂದರೆ ಉಗ್ರಾಣ, ಅಂಗಡಿ, ಕಚೇರಿ ಮೂರೂ ಕೂಡಿದ ವ್ಯಾಪಾರಸ್ಥಾನ. ಅದರ ದರೋಗನಾದ ಮೀರ್ ಕಾಜಿಮನಿಗೆ ಶ್ರೀರಂಗಪಟ್ಟಣದಿಂದ ಸೂಚನೆಗಳು ಹೋಗುತ್ತಲೇ ಇದ್ದುವು. ಬೆಲೆ ಇಳಿದಿರುವಾಗ ಸರಕನ್ನು ಬಿಡದೆ ಏರಿದಾಗ ಮಾರಬೇಕು. ಬರುವ ಹಡಗಿನಲ್ಲಿ ಗಂಧಕವನ್ನು ಕಳಿಸಬೇಕು. ಖರ್ಜೂರದ ಗಿಡ, ಕೇಸರಿಯ ಬೀಜ, ರೇಷ್ಮೆಯ ಮೊಟ್ಟೆ, ಅದನ್ನು ಸಾಕಬಲ್ಲ ಜನ, ಮುತ್ತು ತೆಗೆಯುವವರು, ಹಡಗು ಕಟ್ಟುವವರು ಇವೆಲ್ಲ ಬೇಕು. ಇತರರ ಸರಕಿಗೆ ನೂರಕ್ಕೆ ಹತ್ತರಂತೆ ಸುಂಕವಿದ್ದ ಮಸ್ಕತ್ತಿನಲ್ಲಿ ಮೈಸೂರಿನ ಸರಕಿಗೆ ಆರರಂತೆ ರಿಯಾಯಿತಿ ದೊರೆಯಿತು. ಕಚ್ಛದ ಮುಂದ್ರಾ, ಮಾಂಡವಿಗಳಲ್ಲಿಯೂ ಕೋಠಿಗಳು ಏರ್ಪಟ್ಟುವು. ಅರ್ಮೇನಿಯದ ವರ್ತಕರನ್ನು ತನ್ನ ರಾಜ್ಯಕ್ಕೆ ಕರೆದನು. ೧೭೮೬ರಲ್ಲಿ ನಾಲ್ಕು ಹಡಗುಗಳಲ್ಲಿ ಕಾನ್‌ಸ್ಟಾಂಟಿನೋಪಲ್ಲಿಗೆ ಹೊರಟ ರಾಯಭಾರದ ಉದ್ದೇಶಗಳಲ್ಲಿ ಬಸರೆಯ ಬಂದರಿನಲ್ಲಿ ಹಕ್ಕನ್ನು ಪಡೆಯುವುದೂ ಒಂದು. ಆ ಯಾತ್ರೆ ಮಾತ್ರ ದುರಂತವಾಯಿತು. ಒಂದು ಹಡಗು ಬೆಂಕಿಗೆ ಆಹುತಿಯಾಯಿತು. ಪರದೇಶದ ರೋಗಗಳಿಗೆ ಸಿಕ್ಕಿ ಹೋದವರಲ್ಲಿ ಬಹು ಮಂದಿ ಹಿಂದಿರುಗಲಿಲ್ಲ.

ಒಳನಾಡಿನಲ್ಲಿಯೂ ಇದೇ ದೃಷ್ಟಿ. ರೇಷ್ಮೆಯನ್ನು ಹೊರಗಿನಿಂದ ಕೊಳ್ಳುವುದರ ಬದಲು ಇಲ್ಲಿಯೇ ಬೆಳೆಸಬೇಕೆಂದು ಬಂಗಾಳದಿಂದಲೂ ಮಸ್ಕತ್ತಿನಿಂದಲೂ ಹುಳುಗಳನ್ನು ತರಿಸಲು ಯತ್ನಿಸಿ, ಇಪ್ಪತ್ತೊಂದು ಸ್ಥಳಗಳಲ್ಲಿ ಸಾಕಣೆಗೆ ಏರ್ಪಾಟು ಮಾಡಿದನು. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ತಯಾರಾಗಿ ದೂರ ದೂರದ ನಾಡುಗಳಿಗೆ ಹೋಗುತ್ತಿದ್ದಿತು. ಗಾಜಿನ ಬಳೆಯ ಕುಲುಮೆಗಳೂ ಅಲ್ಲಿದ್ದುವು. ಅರಗಿನ ಬಣ್ಣದ ಗೊಂಬೆಯ ಕಸುಬನ್ನು ಪಾರಸಿ ಕುಶಲಿಗಳಿಂದ ಅಲ್ಲಿಗೆ ತಂದವನು ಟಿಪ್ಪುವೇ ಎಂದು ಆ ಊರಿನವರು ಹೇಳಿಕೊಂಡು ಬಂದಿದ್ದಾರೆ. ಮಾಗಡಿಯ ಸುತ್ತಿನ ಕಪ್ಪು ಮರಳಿನಿಂದ ಕಬ್ಬಿಣವನ್ನು ಕರಗಿಸಿ ತೆಗೆಯುತ್ತಿದ್ದರು. ಸಾಗಣೆಗೆ ಎತ್ತುಗಳು ಬೇಡವೇ? ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯ ದನದ ಇಲಾಖೆಗೆ ಅಮೃತಮಹಲು ಎಂದು ಹೆಸರಿಟ್ಟು, ತಳಿಯ ಪೋಷಣೆಗೆ ನಿಯಮಗಳನ್ನು ಮಾಡಿದನು. ಮೈಸೂರಿನ ಫಿರಂಗಿಗಳು ಶತ್ರುಗಳು ಬೆರಗಾಗುವ ವೇಗದಲ್ಲಿ ಚಲಿಸಿದುದು ಈ ಎತ್ತುಗಳ ಹೆಗಲಿನ ಮೇಲೆ.

ಇಷ್ಟೆಲ್ಲವನ್ನು ಕಟ್ಟಿದ ಕೈ ಅನೇಕವನ್ನು ಮುರಿಯಿತೆಂಬುದನ್ನೂ ಮರೆಯಲಾಗದು. ೧೭೮೪ರಲ್ಲಿ ಕರಾವಳಿಯ ಕ್ರೈಸ್ತರನ್ನು ಸಾವಿರಾರು ಸಂಖ್ಯೆಯಲ್ಲಿ ಸೆರೆಹಿಡಿದು ಗಟ್ಟದ ಮೇಲಕ್ಕೆ ಸಾಗಿಸಲಾಯಿತು. ಕೊಡಗಿನಲ್ಲಿಯೂ ಮಲೆಯಾಳದಲ್ಲಿಯೂ ಸೆರೆ, ಬಲಾತ್ಕಾರದ ಮತಾಂತರ, ಊರುಗಳ ನಾಶ ನಡೆದುವು. ಧರ್ಮದ ದೃಷ್ಟಿಯಿಂದ ಇದಕ್ಕೆ ಸಮಾಧಾನವಿಲ್ಲ. ವ್ಯಾಪಾರದ ದೃಷ್ಟಿಯಿಂದ ನೋಡಿದರೂ ಗದ್ದೆಯನ್ನು ಉಳುವವನೂ ಮೆಣಸಿನ ಬಳ್ಳಿಯನ್ನು ಹಬ್ಬಿಸುವವನೂ ಓಡಿಹೋದ ಮೇಲೆ ಕೋಠಿಯ ಉಗ್ರಾಣವನ್ನು ತುಂಬುವವರು ಯಾರು? ವರ್ತಕರ ಪಾಡೂ ಸುಖವಾಗಿರಲಿಲ್ಲ. ೧೮೦೦ರಲ್ಲಿ ಮೈಸೂರನ್ನು ಸುತ್ತಿದ ಬುಕಾನನ್ ಎಂಬ ವೈದ್ಯನಿಗೆ ಬೆಂಗಳೂರಿನ ಪೇಟೆಯವರು ತಮ್ಮ ಕಷ್ಟವನ್ನು ತೋಡಿಕೊಂಡರು. ನಿಜಾಮನ ಮತ್ತು ಆರ್ಕಾಟಿನ ಸೀಮೆಗಳೊಡನೆ ವ್ಯಾಪಾರವನ್ನು ಸುಲ್ತಾನನು ನಿಷೇಧಿಸಿದುದರಿಂದ ಪೇಟೆ ಕುಗ್ಗಿತೆಂದೂ, ಸರ್ಕಾರದ ಸರಕನ್ನು ಹೆಚ್ಚಿನ ಬೆಲೆಗೆ ತಮ್ಮ ತಲೆಗೆ ಕಟ್ಟುತ್ತಿದ್ದರೆಂದೂ ಅವರ ದೂರು. ಗೆದ್ದವರ ಕಡೆಯವನ ಬರಹವೆಂದು ಇದನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ರಾಜನೇ ಅಂಗಡಿಯ ಯಜಮಾನನಾದರೆ ಪಕ್ಕದ ಅಂಗಡಿಯವನಿಗೆ ನ್ಯಾಯ ಹೇಳುವವರು ಇರುವುದಿಲ್ಲ.

ಇನ್ನು ೧೭೯೧ರ ಕಥೆ. ಮೂರನೆಯ ಮೈಸೂರು ಯುದ್ಧದಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸನು ಮಾರ್ಚಿ ೨೧ರಂದು ಬೆಂಗಳೂರಿನ ಕೋಟೆಯನ್ನು ಹಿಡಿದನು. ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ನೇರವಾದ ದಾರಿ ರಾಮಗಿರಿ, ಚನ್ನಪಟ್ಟಣಗಳ ಮೇಲೆ ಹೋಗುತ್ತದೆ. ಆ ಬೆಟ್ಟಗಳಲ್ಲಿ ಟಿಪ್ಪುವಿನ ಠಾಣ್ಯಗಳಿದ್ದುವು. ಆದುದರಿಂದ ಇಂಗ್ಲಿಷರು ಬಳಸುದಾರಿಯಾದ ಕಾನಕಾನಹಳ್ಳಿಯ, ಎಂದರೆ ಈಗಿನ ಕನಕಪುರದ, ಕಡೆಗೆ ತಿರುಗಿದರು. ಟಿಪ್ಪು ಮುಂದಾಗಿಯೇ ಆ ದಾರಿಯ ಹುಲ್ಲನ್ನೂ ದವಸವನ್ನೂ ಸುಡಿಸಿದ್ದನು. ಮೇ ೧೫ರಂದು ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಕಾರ್ನ್‌ವಾಲಿಸನು ಗೆದ್ದರೂ ಗೆಲುವು ಹೊಟ್ಟೆಗೆ ಅನ್ನವಾಗಲಿಲ್ಲ. ಎತ್ತುಗಳು ಸಾಲುಸಾಲಾಗಿ ಸತ್ತುವು, ಮಳೆ ಹಿಡಿಯಿತು, ರಾಜಧಾನಿಯ ಗೋಡೆ ಕಣ್ಣಿಗೆ ಕಾಣುತ್ತಿರುವಾಗಲೇ ಅವನು ತನ್ನ ಭಾರಿ ಫಿರಂಗಿಗಳನ್ನು ತಾನೇ ಒಡೆಯಿಸಿ ಹಿಂದಿರುಗಬೇಕಾಯಿತು. ಕತ್ತಿಯಿಂದ ಆಗದ ಕೆಲಸವನ್ನು ಮೇವಿನ ಅಭಾವ ಮಾಡಿತು.

ಈ ಪಾಠವನ್ನು ಇಂಗ್ಲಿಷರು ಚೆನ್ನಾಗಿ ಕಲಿತರು. ಮುಂದಿನ ಆರು ತಿಂಗಳು ಅವರು ರಾಜಧಾನಿಯ ಗೊಡವೆಗೆ ಹೋಗದೆ ದಾರಿಯ ಗೊಡವೆಗೆ ಹೋದರು. ಲಂಬಾಣಿಗಳಿಗೆ ಹಣ ಕೊಟ್ಟು ಎತ್ತಿನ ಹಿಂಡುಗಳ ಮೇಲೆ ದವಸ ತರಿಸಿದರು. ಆ ಹಿಂಡುಗಳು ಸುರಕ್ಷಿತವಾಗಿ ಬರಬೇಕಾದರೆ ದಾರಿಯ ಮಗ್ಗುಲಿನ ದುರ್ಗಗಳು ಬೀಳಬೇಕಾಗಿದ್ದಿತು. ನಂದಿದುರ್ಗ ಅಕ್ಟೋಬರಿನಲ್ಲಿ ಬಿದ್ದಿತು. ಅನಂತರ ಸಾವನದುರ್ಗದ ಸರದಿ.

ಮಾಗಡಿಗೆ ಸಮೀಪದಲ್ಲಿ ಕರಿಗುಡ್ಡ, ಬಿಳಿಗುಡ್ಡಗಳೆಂಬ ಎರಡು ಶಿಖರಗಳಾಗಿ ನಿಂತಿರುವ ಈ ಏಕಶಿಲೆಯ ಪರ್ವತ ಸಮುದ್ರಮಟ್ಟದಿಂದ ೧,೨೨೬ ಮೀಟರು ಎತ್ತರ. ಕೆಂಪೇಗೌಡರ ವಂಶದವರ ಆಶ್ರಯದುರ್ಗವಾಗಿದ್ದು ೧೭೨೮ರಲ್ಲಿ ಮೈಸೂರಿಗೆ ಸೇರಿದ್ದಿತು. ಸುತ್ತಲೂ ಮೈಲಿಗಟ್ಟಲೆ ಹಬ್ಬಿದ ಬಿದಿರುಮೆಳೆ; ಅಲ್ಲಿಯ ನೀರು, ಗಾಳಿಗಳಿಂದ ಬರುವ ಜ್ವರ ಹೊರಗಿನವರಿಗೆ ಮೃತ್ಯುಸಮಾನವೆಂದು ಪ್ರತೀತಿ. ಇಂಗ್ಲಿಷರ ಅರ್ಧದಷ್ಟು ಜನ ಕಾಡಿನ ರೋಗದಿಂದಲೇ ಸಾಯುವರು, ಉಳಿದವರನ್ನು ದುರ್ಗ ನೋಡಿಕೊಳ್ಳುವುದೆಂದು ಸುಲ್ತಾನನ ಕಡೆಯವರ ನಂಬಿಕೆ. ಕರ್ನಲ್ ಸ್ಟುವರ್ಟನ ದಳ ಡಿಸೆಂಬರ್ ೧೦ರಂದು ಬುಡದಲ್ಲಿ ಬೀಡುಬಿಟ್ಟು, ಮೆಳೆಯನ್ನು ಕಡಿದು ಫಿರಂಗಿಗಳನ್ನು ಎಳೆದು ಏರಿಸಿ, ಗೋಡೆಯನ್ನು ಒಡೆಯಿತು. ೨೧ರಂದು ಹಗಲಿನಲ್ಲಿಯೇ ಲಗ್ಗೆಯಾಯಿತು. ಒಂದು ಗಂಟೆ ಕಳೆಯುವುದರೊಳಗೆ ಎರಡು ಶಿಖರಗಳೂ ಇಂಗ್ಲಿಷರ ವಶವಾದುವು. ಅಜೇಯವೆಂದು ಹೆಸರಾಗಿದ್ದ ಸ್ಥಳ ಇಷ್ಟು ಬೇಗ ಹೋದುದನ್ನು ಕಂಡು ಸುತ್ತಿನ ದುರ್ಗಗಳೂ ಧೈರ್ಯಗುಂದಿದುವು. ಬೆಂಗಳೂರಿನಿಂದ ಕಾವೇರಿಯವರೆಗೆ ದವಸದ ದಾರಿ ತೆರೆಯಿತು. ಹೊಸ ವರ್ಷದ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸನು ಪುನಃ ಶ್ರೀರಂಗಪಟ್ಟಣದ ಮುಂದೆ ನಿಂತಾಗ ಅವನ ಬೆನ್ನ ಹಿಂದೆ ಹಸಿವಿರಲಿಲ್ಲ.

೧೭೯೨ರ ಮಾರ್ಚಿಯ ಕೌಲಿನಿಂದ ಟಿಪ್ಪು ಅರ್ಧ ರಾಜ್ಯವನ್ನು ಕಳೆದುಕೊಂಡನು. ಮೆಣಸಿನ ಮಲೆಯಾಳ ಹೋಯಿತು, ಕೊಡಗು ಹೋಯಿತು. ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ; ಅದರ ಹೊಣೆಗೆ ಇಬ್ಬರು ಮಕ್ಕಳು ಒತ್ತೆ. ಬೇರೆಯವನಾಗಿದ್ದರೆ ಕುಸಿದುಹೋಗುತ್ತಿದ್ದನು. ಅವನ ವ್ಯಾಪಾರದ ಕಟ್ಟಳೆಗಳು ಪೂರ್ಣರೂಪವನ್ನು ಪಡೆದದ್ದು ಈ ಸೋಲಿನ ಮರುವರ್ಷಗಳಲ್ಲಿ, ೧೭೯೩ ಮತ್ತು ೧೭೯೪ರಲ್ಲಿ, ಎಂಬುದನ್ನು ವಾಚಕರು ಗಮನಿಸಬೇಕು. ಒಂಬತ್ತು ಮಂದಿಯ ಒಂದು ವ್ಯಾಪಾರಮಂಡಳಿ. ಅದರ ಸದಸ್ಯರಿಗೆ ವರ್ತಕರಾಜ ಎಂಬರ್ಥದ ಮಲಿಕುತ್ತುಜ್ಜಾರ್ ಎಂಬ ಬಿರುದು. ಅದರ ಕೈಕೆಳಗೆ ದೇಶದ ಒಳಗೂ ಹೊರಗೂ ಕೋಠಿಗಳು. ಎಲ್ಲಿ ಏನನ್ನು ಕೊಳ್ಳಬೇಕು, ಎಲ್ಲಿ ಮಾರಬೇಕು ಎಂಬುದಕ್ಕೆ ವಿಧಿಗಳು. ಇವೆಲ್ಲಕ್ಕಿಂತ ಆಶ್ಚರ್ಯಕರವಾದುದು ಪ್ರಜೆಗಳ ಪಾಲುಗಾರಿಕೆ. ಯಾವ ಪ್ರಜೆಯಾದರೂ ಸರ್ಕಾರದ ವ್ಯಾಪಾರದಲ್ಲಿ ಹಣ ತೊಡಗಿಸಬಹುದಾಗಿದ್ದಿತು. ಐನೂರರವರೆಗೆ ಇಟ್ಟವನಿಗೆ ವರ್ಷದ ಕೊನೆಯಲ್ಲಿ ನೂರಕ್ಕೆ ಐವತ್ತು ಲಾಭ. ಐನೂರರಿಂದ ಐದು ಸಾವಿರದವರೆಗೆ ಇಪ್ಪತ್ತೈದು. ಅದಕ್ಕೂ ಮೇಲಾದರೆ ಹನ್ನೆರಡು. ಬಡವನ ಹಣಕ್ಕೆ ಹೆಚ್ಚು ಲಾಭ, ಸಿರಿವಂತನ ಹಣಕ್ಕೆ ಕಡಮೆ. ಕಂಪೆನಿಯ ಷೇರುದಾರರ ಪದ್ಧತಿಯನ್ನು ಅವನು ಈ ರೀತಿಯಾಗಿ ತಲೆಕೆಳಗು ಮಾಡಿದನು. ಕಾಗದದ ಮೇಲಿದ್ದ ಇದೆಲ್ಲ ಬಾಳಿ ನೆಲೆಗೊಳ್ಳಲು ಕಾಲ ಅವನಿಗೆ ಐದೇ ವರ್ಷಗಳ ಅವಕಾಶವನ್ನು ಕೊಟ್ಟಿತು.

ಅಷ್ಟರಲ್ಲಿ ಅವನ ಕಡಲದಾರಿಗಳೂ ಮುಚ್ಚತೊಡಗಿದುವು. ೧೭೯೮ರಲ್ಲಿ ಮಸ್ಕತ್ತು ಇಂಗ್ಲಿಷರೊಡನೆ ಒಪ್ಪಂದ ಮಾಡಿಕೊಂಡಿತು. ಮರುವರ್ಷದ ಜನವರಿಯಲ್ಲಿ ನೆಪೋಲಿಯನ್ನನು ಕೈರೋದಿಂದ ಟಿಪ್ಪುವಿಗೆ ಬರೆದ ಕಾಗದ ಅರಬ್ಬೀ ಬಂದರಿನ ದಾರಿಯಲ್ಲಿಯೇ ಇಂಗ್ಲಿಷರ ಕೈಗೆ ಸಿಕ್ಕಿತು. ಜನರಲ್ ಹ್ಯಾರಿಸನ ಸೈನ್ಯ ಲೆಕ್ಕವಿಲ್ಲದಷ್ಟು ಎತ್ತುಗಳೊಡನೆ ಗಟ್ಟವೇರಿ, ಮತ್ತೆ ಕಾನಕಾನಹಳ್ಳಿಯ ದಾರಿಯನ್ನೇ ಹಿಡಿಯಿತು. ಶತ್ರುವಿಗೆ ಉಪಯೋಗವಾಗಬಾರದೆಂದು ಟಿಪ್ಪು ಎರಡು ಸಲ ನಾಶಮಾಡಿಸಿದ ಊರು ಇದು. ದೇಶದೇಶದ ಸರಕಿಗೆ ಉಗ್ರಾಣ ಕಟ್ಟಲು ಹೊರಟವನು ತನ್ನ ರೈತರ ಕಣಜಕ್ಕೆ ತಾನೇ ಬೆಂಕಿಯಿಡಬೇಕಾಗಿ ಬಂದಿತು. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣದ ಕೋಟೆಯೊಳಗೆ ಕಾದಾಡುತ್ತ ಅವನು ಮಡಿದನು.

ಅವನ ತರುವಾಯ ದಿವಾನ್ ಪೂರ್ಣಯ್ಯನವರು ಹೆದ್ದಾರಿಯ ಭದ್ರತೆಗಾಗಿ ೧೮೦೦ರಲ್ಲಿ ರಾಮಗಿರಿಯ ಮಗ್ಗುಲಲ್ಲಿ ಕ್ಲೋಸ್‌ಪೇಟೆಯನ್ನು ಕಟ್ಟಿಸಿದರು. ಅದೇ ಮುಂದೆ ರಾಮನಗರವಾಯಿತು. ಕೋಠಿಗಳು ಅಳಿದುವು, ಹಡಗುಗಳು ಅಳಿದುವು, ಒಂಬತ್ತು ಮಂದಿಯ ಮಂಡಳಿ ಕಾಗದದಲ್ಲಿ ಉಳಿಯಿತು. ಕಟ್ಟಳೆಯ ಬಲದಿಂದ ನಿಂತದ್ದು ಕಟ್ಟಳೆ ಮಾಡಿದವನೊಡನೆ ಹೋಯಿತು. ರೈತನ ಕೈಗೆ ಹತ್ತಿದ ಕಸುಬು ಮಾತ್ರ ಅನೇಕ ಏಳುಬೀಳುಗಳನ್ನು ಕಂಡು ಉಳಿದುಕೊಂಡಿತು. ಹಿಪ್ಪುನೇರಳೆಯ ತೋಟಗಳು ಕನಕಪುರ, ಚನ್ನಪಟ್ಟಣ, ಮಾಗಡಿಗಳ ಸೀಮೆಯಲ್ಲಿ ಹಸುರಾಗಿವೆ. ಏಷ್ಯಾ ಖಂಡದಲ್ಲಿಯೇ ದೊಡ್ಡದೆಂದು ಹೆಸರಾದ ರೇಷ್ಮೆಗೂಡಿನ ಮಾರುಕಟ್ಟೆ ಇರುವುದು, ಸುಲ್ತಾನನ ಠಾಣ್ಯ ಒಮ್ಮೆ ದಾರಿ ಕಾಯುತ್ತಿದ್ದ ಆ ರಾಮಗಿರಿಯ ಬುಡದಲ್ಲಿ.