ಜೇ ಮೈನರ್

ಜೇ ಗ್ಲೆನ್ ಮೈನರ್ (ಮೇ 31, 1932 – ಜೂನ್ 20, 1994) ಅಮೆರಿಕದ ಚಿಪ್ ವಿನ್ಯಾಸಕಾರರು. ಅಟಾರಿ 2600 ಆಟದ ಯಂತ್ರದ ಚಿಪ್ಪನ್ನು ರೂಪಿಸಿದವರಲ್ಲಿ ಪ್ರಮುಖರಾದ ಇವರನ್ನು ಅಮಿಗಾ ಕಂಪ್ಯೂಟರಿನ ಪಿತಾಮಹರೆಂದು ಪರಿಗಣಿಸಲಾಗಿದೆ.

ಆರಂಭಿಕ ಜೀವನ

ಅರಿಜೋನಾ ರಾಜ್ಯದ ಪ್ರೆಸ್ಕಾಟ್‌ನಲ್ಲಿ ಜನಿಸಿದ ಮೈನರ್, ಅಮೆರಿಕದ ಕರಾವಳಿ ಕಾವಲು ಪಡೆಯಲ್ಲಿ ಸೇವೆ ಸಲ್ಲಿಸಿದರು. 1958ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಪದವಿ ಪಡೆದರು.

ಅಟಾರಿಯಲ್ಲಿ

1977ರಲ್ಲಿ ಮಾರುಕಟ್ಟೆಗೆ ಬಂದ ಅಟಾರಿ 2600ರಲ್ಲಿದ್ದ ಮೆಮೊರಿ ಕೇವಲ 128 ಬೈಟ್. ಮೆಮೊರಿ ದುಬಾರಿಯಾಗಿದ್ದ ಆ ಕಾಲದಲ್ಲಿ ಪರದೆಯ ಪೂರ್ಣ ಚಿತ್ರವನ್ನು ಇರಿಸಿಕೊಳ್ಳಲು ಅದರಲ್ಲಿ ಸ್ಥಳವಿರಲಿಲ್ಲ. ಮೈನರ್ ಹಾಗೂ ಜೋ ಡೆಕ್ಯೂರ್ ರೂಪಿಸಿದ ಟಿಐಎ ಚಿಪ್ ಟಿವಿ ಪರದೆಯ ಒಂದು ಸಾಲಿಗೆ ಬೇಕಾದಷ್ಟು ಮಾಹಿತಿಯನ್ನು ಮಾತ್ರ ಹಿಡಿದಿಡುತ್ತಿತ್ತು. ಚಿತ್ರ ಮೂಡುತ್ತಿರುವಾಗಲೇ ಪ್ರೊಸೆಸರ್ ಆ ಮಾಹಿತಿಯನ್ನು ಸಾಲುಸಾಲಾಗಿ ಬದಲಿಸುತ್ತಿರಬೇಕಿತ್ತು. ಸರಳ ಆಟಗಳಿಗೆಂದೇ ಸಿದ್ಧವಾದ ಈ ಯಂತ್ರಕ್ಕೂ ವಾರೆನ್ ರಾಬಿನೆಟ್ ಮುಂದೆ ಬೇಸಿಕ್ ಭಾಷೆಯ ಕಾರ್ಟ್ರಿಜ್ ಒಂದನ್ನು ರಚಿಸಿದರು. ಅದರಲ್ಲಿ ಕೆಲವೇ ಸಾಲುಗಳ ಪ್ರೋಗ್ರಾಂ ಹಿಡಿಸುತ್ತಿದ್ದುದರಿಂದ ಅದನ್ನು ಉಪಯುಕ್ತ ಸಾಧನವೆನ್ನುವುದಕ್ಕಿಂತ ಸಾಹಸವೆನ್ನುವುದೇ ಸರಿ.

2600ರ ಉತ್ತರಾಧಿಕಾರಿಗೆಂದು ಮೈನರ್ ತಂಡ ಆರಂಭಿಸಿದ ಚಿಪ್‌ಗಳು 1979ರಲ್ಲಿ ಅಟಾರಿ 400 ಮತ್ತು 800 ಎಂಬ ಗೃಹ ಕಂಪ್ಯೂಟರ್‌ಗಳಾಗಿ ಹೊರಬಂದವು. ನಂತರ ಮೋಟೊರೋಲಾ 68000 ಪ್ರೊಸೆಸರ್ ಆಧಾರಿತ ಹೊಸ ಕಂಪ್ಯೂಟರನ್ನು ನಿರ್ಮಿಸಬೇಕೆಂಬ ಅವರ ಇಚ್ಛೆಗೆ ಆಡಳಿತ ಒಪ್ಪಲಿಲ್ಲ. ಮೈನರ್ ಸಂಸ್ಥೆಯನ್ನು ತೊರೆದರು.

ಅಮಿಗಾ

1982ರಲ್ಲಿ ಹೈ-ಟೋರೋ ಎಂಬ ಹೆಸರಿನಲ್ಲಿ ಆರಂಭವಾದ ಸಂಸ್ಥೆಯೇ ಮುಂದೆ ಅಮಿಗಾ ಆಯಿತು. ಹೂಡಿಕೆದಾರರು ಬಯಸಿದ್ದು ಆಟದ ಯಂತ್ರವನ್ನು. ಮೈನರ್ ಅದನ್ನು ಕೀಲಿಮಣೆ, ಡಿಸ್ಕ್ ಜೋಡಿಸಿ ಪೂರ್ಣ ಕಂಪ್ಯೂಟರ್ ಆಗಿಸಲು ಸಾಧ್ಯವಾಗುವಂತೆ ವಿನ್ಯಾಸಗೊಳಿಸಿದರು. 1983ರಲ್ಲಿ ಅಮೆರಿಕದ ವಿಡಿಯೋ ಆಟಗಳ ಮಾರುಕಟ್ಟೆ ಕುಸಿದಾಗ ಯೋಜನೆಯನ್ನು ಉಳಿಸಿದ್ದು ಈ ದೂರದೃಷ್ಟಿಯೇ. 1984ರಲ್ಲಿ ಕೊಮೊಡೋರ್ ಸಂಸ್ಥೆ ಅಮಿಗಾವನ್ನು ಕೊಂಡುಕೊಂಡಿತು. ಮರುವರ್ಷ ಬಿಡುಗಡೆಯಾದ ಅಮಿಗಾ 1000, ಕೇವಲ 256 ಕಿಲೋಬೈಟ್ ಮೆಮೊರಿಯಲ್ಲಿ ಏಕಕಾಲಕ್ಕೆ ಹಲವು ಪ್ರೋಗ್ರಾಂಗಳನ್ನು ನಡೆಸುವ ಕಾರ್ಯಾಚರಣಾ ವ್ಯವಸ್ಥೆಯನ್ನು ಹೊಂದಿತ್ತು. ಅದರ ತಿರುಳಾದ ಎಕ್ಸೆಕ್ ಅನ್ನು ಕಾರ್ಲ್ ಸಾಸೆನ್ರಾತ್ ಬರೆದಿದ್ದರು. ಯಂತ್ರದ ಮುಚ್ಚಳದ ಒಳಭಾಗದಲ್ಲಿ ತಂಡದವರ ಸಹಿಗಳೊಂದಿಗೆ ಮೈನರ್ ಅವರ ನಾಯಿ ಮಿಚಿಯ ಪಾದದ ಗುರುತೂ ಇದೆ.

ಕೊನೆಯ ದಿನಗಳು

ಮೈನರ್ ದೀರ್ಘಕಾಲ ಮೂತ್ರಪಿಂಡದ ಕಾಯಿಲೆಯಿಂದ ಬಳಲಿದರು. 1993ರಲ್ಲಿ ಕೊಮೊಡೋರ್, ಅಮಿಗಾದ ಕಾರ್ಯಾಚರಣಾ ವ್ಯವಸ್ಥೆಯನ್ನೇ ಒಳಗೊಂಡ ಸಿಡಿ32 ಎಂಬ ಆಟದ ಯಂತ್ರವನ್ನು ಹೊರತಂದಿತು. 1994ರ ಏಪ್ರಿಲ್‌ನಲ್ಲಿ ಸಂಸ್ಥೆ ದಿವಾಳಿಯಾಯಿತು. ಎರಡು ತಿಂಗಳೊಳಗೆ, ಜೂನ್ 20ರಂದು, ಮೈನರ್ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ ನಿಧನರಾದರು.